ಘಟ್ಟದ ದಾರಿ, ಕಾರಿನ ನಕ್ಷೆ

ಹೊಸ ಸ್ಪೋರ್ಟ್ಸ್ ಕಾರು ಕೊಳ್ಳುವವರು ಇಂದು ತೀರ್ಮಾನಿಸಬೇಕಾದ ಸಂಗತಿಗಳಲ್ಲಿ ಕಾರ್ಖಾನೆಯಲ್ಲಿಯೇ ಅಳವಡಿಸಿ ಕೊಡುವ ನ್ಯಾವಿಗೇಷನ್ ವ್ಯವಸ್ಥೆಯೂ ಒಂದು. ಕಾರಿನ ಸ್ವಂತ ಪರದೆಯ ಮೇಲೆ ನಕ್ಷೆಯನ್ನು ಮೂಡಿಸಿ ಮುಂದಿನ ತಿರುವನ್ನು ಮೊದಲೇ ತಿಳಿಸುವ ಈ ಸಾಧನಕ್ಕೆ ಹೆಚ್ಚಿನ ಹಣ ತೆರಬೇಕೇ, ಜೇಬಿನಲ್ಲಿರುವ ಫೋನನ್ನೇ ನೆಚ್ಚಿಕೊಂಡರೆ ಸಾಲದೇ ಎಂಬ ಚರ್ಚೆ ಸಾಮಾನ್ಯವಾಗಿ ಪರದೆಯ ಅಳತೆ ಮತ್ತು ಬೆಲೆಯ ಸುತ್ತಲೇ ನಡೆಯುತ್ತದೆ. ಆದರೆ ಶಿವಮೊಗ್ಗ ಮತ್ತು ಭದ್ರಾವತಿಯ ಸೀಮೆಯಲ್ಲಿ ದಾರಿಯ ತಿಳಿವಳಿಕೆಗೆ ಬೆಲೆ ಕಟ್ಟುವ ವ್ಯವಹಾರ ಕಾರುಗಳಿಗಿಂತ ಬಹಳ ಹಳೆಯದು. ಆ ತಿಳಿವಳಿಕೆ ಒಂದೊಂದು ಕಾಲದಲ್ಲಿ ಯಾರ ವಶದಲ್ಲಿತ್ತು, ಎಷ್ಟು ಕಾಲ ನಿಜವಾಗಿ ಉಳಿಯಿತು, ಯಾವ ಕಾರಣದಿಂದ ಸುಳ್ಳಾಯಿತು ಎಂಬುದನ್ನು ಗಮನಿಸಿದರೆ, ಇಂದಿನ ಕೊಳ್ಳುಗನು ಮೊದಲು ವಿಚಾರಿಸಬೇಕಾದದ್ದು ನಕ್ಷೆಯ ಆಯುಷ್ಯವನ್ನು ಎಂಬುದು ಮನವರಿಕೆಯಾಗುತ್ತದೆ.

ತುಂಗೆಯ ದಡದ ಶಿವಮೊಗ್ಗ ಮತ್ತು ಭದ್ರೆಯ ದಡದ ಭದ್ರಾವತಿ, ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನ ಊರುಗಳು. ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ಅಂತರದಲ್ಲಿರುವ ಈ ಎರಡೂ ಊರುಗಳನ್ನು ಹಾದುಹೋಗುವ ನದಿಗಳು ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯಾಗುತ್ತವೆ. ಇಲ್ಲಿಂದ ಪೂರ್ವಕ್ಕೆ ಹೊರಟವರಿಗೆ ಬಂಡಿ ಸಾಗುವ ಬಯಲು ಸಿಗುತ್ತಿತ್ತು. ಪಶ್ಚಿಮಕ್ಕೆ ಹೊರಟವರಿಗೆ ಕಾಡು, ಹಳ್ಳ, ಸಾರವೆಂಬ ಮರದ ಕಾಲುಸೇತುವೆ, ಕೊನೆಗೆ ಕರಾವಳಿಗೆ ಇಳಿಯುವ ಘಟ್ಟದ ದಾರಿ ಎದುರಾಗುತ್ತಿದ್ದವು. ದೂರವನ್ನು ಹರದಾರಿಗಳಲ್ಲಿ, ಅಂದರೆ ಸುಮಾರು ಮೂರು ಮೈಲಿಯ ಅಳತೆಯಲ್ಲಿ ಹೇಳುವ ರೂಢಿಯಿತ್ತಾದರೂ, ಹೇರು ಹೊತ್ತ ಎತ್ತು ಬೇಸಗೆಯಲ್ಲಿ ಅರ್ಧ ದಿನದಲ್ಲಿ ಮುಗಿಸುವ ದಾರಿ ಆಷಾಢದ ಮಳೆಯಲ್ಲಿ ಮುಗಿಯದೇ ಹೋಗಬಹುದಾಗಿತ್ತು. ಆದ್ದರಿಂದ ದಾರಿ ಬಲ್ಲವನೆಂದರೆ ತಿರುವುಗಳನ್ನು ಬಲ್ಲವನಷ್ಟೇ ಆಗಿರಲಿಲ್ಲ; ಯಾವ ತಿಂಗಳಲ್ಲಿ ಯಾವ ಹಳ್ಳ ಕಟ್ಟುತ್ತದೆ, ಯಾವ ಕಡವಿನಲ್ಲಿ ದೋಣಿ ಇರುತ್ತದೆ, ಯಾವ ಉಕ್ಕಡದಲ್ಲಿ ಎಷ್ಟು ಸುಂಕ ಕೊಡಬೇಕು ಎಂಬುದೆಲ್ಲವೂ ಅವನ ತಿಳಿವಳಿಕೆಯ ಭಾಗವಾಗಿತ್ತು.

ಕೆಳದಿಯ ಅರಸರ ಕಾಲದಲ್ಲಿ ಈ ತಿಳಿವಳಿಕೆ ರಾಜ್ಯದ ಸಂಪತ್ತೇ ಆಗಿತ್ತು. ಕೆಳದಿಯಿಂದ ಇಕ್ಕೇರಿಗೆ, ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯಿಂದ ಬಿದನೂರಿಗೆ ಸಾಗಿದ ಅವರ ರಾಜಧಾನಿ, ಕರಾವಳಿಯ ಬಸರೂರು, ಹೊನ್ನಾವರ, ಭಟ್ಕಳದ ಬಂದರುಗಳಿಗೆ ಹೋಗುವ ಅಕ್ಕಿ ಮತ್ತು ಮೆಣಸಿನ ದಾರಿಗಳನ್ನು ಕೈಯಲ್ಲಿಟ್ಟುಕೊಂಡೇ ಬೆಳೆಯಿತು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಹೊಳೆಯ ಮೇಲೆ ಬಂದು, ಅಲ್ಲಿಂದ ಘಟ್ಟ ಹತ್ತಿ ವೆಂಕಟಪ್ಪನಾಯಕನ ಇಕ್ಕೇರಿಯನ್ನು ತಲುಪಿದಾಗ, ಅವನು ಪೋರ್ಚುಗೀಸ್ ರಾಯಭಾರಿಯ ಪರಿವಾರದೊಂದಿಗಿದ್ದನು. ಈ ಪ್ರವಾಸದ ವಿವರಗಳನ್ನು ಪತ್ರಗಳಲ್ಲಿ ಬರೆದಿಟ್ಟ ಅವನಿಗೆ ಸೂರ್ಯನ ಎತ್ತರವನ್ನು ಉಪಕರಣದಿಂದ ಅಳೆದು ತಾನಿರುವ ಅಕ್ಷಾಂಶವನ್ನು ಲೆಕ್ಕ ಹಾಕುವ ವಿದ್ಯೆಯೂ ಗೊತ್ತಿತ್ತು. ಆದರೆ ಅಕ್ಷಾಂಶ ತಿಳಿದ ಮಾತ್ರಕ್ಕೆ ಘಟ್ಟ ಹತ್ತಲಾಗದು. ಸ್ಥಾನವನ್ನು ಅರಿಯುವುದು ಒಂದು, ದಾರಿಯನ್ನು ಅರಿಯುವುದು ಇನ್ನೊಂದು ಎಂಬ ಈ ಅಂತರ ಉಪಗ್ರಹಗಳ ಕಾಲದಲ್ಲಿಯೂ ಅಳಿದಿಲ್ಲ.

ದಾರಿಯ ತಿಳಿವಳಿಕೆ ಒಂದು ರಾಜ್ಯವನ್ನೇ ಉರುಳಿಸಿದ ಪ್ರಸಂಗವೂ ಶಿವಮೊಗ್ಗದ ಸಮೀಪದಲ್ಲಿಯೇ ನಡೆದಿದೆ. 1763ರ ಆರಂಭದಲ್ಲಿ ಹೈದರ್ ಅಲಿ ಶಿವಮೊಗ್ಗದ ಮಾರ್ಗವಾಗಿ ಬಿದನೂರಿನತ್ತ ಸಾಗಿದನು. ಬಿದನೂರು ಸುತ್ತಲೂ ಕಾಡು ಮತ್ತು ಗುಡ್ಡಗಳಿಂದ ಆವೃತವಾಗಿದ್ದು, ಒಳಬರುವ ಪ್ರತಿಯೊಂದು ದಾರಿಗೂ ಕಟ್ಟೆಚ್ಚರದ ಕಾವಲಿದ್ದುದರಿಂದ, ಕೋಟೆಯ ಗೋಡೆಗಿಂತ ಹೆಚ್ಚಾಗಿ ದಾರಿಯ ದುರ್ಗಮತೆಯೇ ಅದರ ರಕ್ಷಣೆಯಾಗಿತ್ತು. ಮೈಸೂರಿನ ರೆಸಿಡೆಂಟ್ ಆಗಿದ್ದ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿರುವಂತೆ, ಶಿವಮೊಗ್ಗಕ್ಕೂ ಆನಂದಪುರಕ್ಕೂ ನಡುವಿನ ಕುಂಸಿಯಲ್ಲಿ ಹಿಂದಿನ ಅರಸನ ಮಂತ್ರಿ ಲಿಂಗಣ್ಣ ಎಂಬುವನು ಸೆರೆಯಲ್ಲಿದ್ದನು. ಅವನಿಂದ ಹೈದರನಿಗೆ ರಾಜಧಾನಿಯೊಳಕ್ಕೆ ಹೋಗುವ ಒಂದು ಗುಪ್ತ ದಾರಿಯ ವಿವರ ದೊರೆಯಿತು. ರಾಣಿ ವೀರಮ್ಮಾಜಿ ಹಣ ಕೊಟ್ಟು ದಾಳಿಯನ್ನು ತಪ್ಪಿಸಿಕೊಳ್ಳಲು ನೋಡಿದರೂ ಹೈದರನು ಒಪ್ಪದೆ ಮುಂದುವರಿದು, ಎದುರಿನ ಕಾವಲು ಠಾಣೆಗಳ ಮೇಲೆ ದೊಡ್ಡ ಗದ್ದಲದ ಹುಸಿ ದಾಳಿ ನಡೆಯುತ್ತಿರುವಂತೆಯೇ ಆಯ್ದ ಸೈನಿಕರೊಂದಿಗೆ ಆ ಗುಪ್ತ ದಾರಿಯಲ್ಲಿ ಸಾಗಿ ಪಟ್ಟಣದೊಳಗೆ ಕಾಣಿಸಿಕೊಂಡನು. ರಾಣಿ ಅರಮನೆಗೆ ಬೆಂಕಿ ಹಚ್ಚಿಸಿ ಬಲ್ಲಾಳರಾಯನದುರ್ಗದತ್ತ ಪಾರಾದಳು. ಎರಡೂವರೆ ಶತಮಾನಗಳ ಕೆಳದಿ ಆಳ್ವಿಕೆ ಕೊನೆಗೊಳ್ಳಲು ಅನೇಕ ಕಾರಣಗಳಿದ್ದವು. ಆದರೂ ಆ ದಿನದ ಸೋಲು ಗೆಲುವನ್ನು ತೀರ್ಮಾನಿಸಿದ್ದು ಕಾಗದದ ಮೇಲೆ ಎಂದೂ ಬರೆಯದೆ ಒಬ್ಬ ಸೆರೆಯಾಳಿನ ತಲೆಯಲ್ಲಿ ಉಳಿದಿದ್ದ ಒಂದು ಕಾಲುದಾರಿ ಎಂಬುದನ್ನು ಇತಿಹಾಸಕಾರರು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕಾಗಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದಾರಿಯ ತಿಳಿವಳಿಕೆ ತಲೆಗಳಿಂದ ಕಾಗದಕ್ಕೆ ಇಳಿಯತೊಡಗಿತು. ಕಾಲಿನ್ ಮೆಕೆಂಜಿಯ ನೇತೃತ್ವದ ಮೈಸೂರು ಸರ್ವೆಯು ಸಂಸ್ಥಾನದ ಗಡಿ, ಊರು, ನದಿ, ದಾರಿಗಳನ್ನು ಗುರುತಿಸುತ್ತ ಹೋಯಿತು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಒಂದು ಆಧಾರರೇಖೆಯನ್ನು, ಅಂದರೆ ಸರಪಣಿಯಿಂದ ನಿಖರವಾಗಿ ಅಳೆದ ಒಂದು ಸರಳರೇಖೆಯನ್ನು ಎಳೆದು, ಅದರ ಮೇಲೆ ತ್ರಿಕೋನಗಳನ್ನು ಕಟ್ಟಿಕೊಂಡು ದೂರದ ಬೆಟ್ಟಗಳ ನೆಲೆಯನ್ನು ಲೆಕ್ಕ ಹಾಕುವ ಕೆಲಸವನ್ನು ಆರಂಭಿಸಿದನು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800ರಲ್ಲಿ ಮದ್ರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಮರುವರ್ಷ ಇಕ್ಕೇರಿ, ನಗರವೆಂಬ ಹೊಸ ಹೆಸರು ಪಡೆದಿದ್ದ ಬಿದನೂರು, ಶಿವಮೊಗ್ಗಗಳನ್ನು ಹಾದುಹೋಗುತ್ತ ದಿನದಿನದ ಪಯಣವನ್ನು, ದಾರಿಯ ಸ್ಥಿತಿಯನ್ನು, ಕಂಡ ಬೆಳೆ ಮತ್ತು ಕಸುಬುಗಳನ್ನು ಬರೆದಿಟ್ಟ ಪ್ರವಾಸ ವರದಿ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅಚ್ಚಾಗುವ ಹೊತ್ತಿಗೆ ಅದರ ವಿವರ ಆರು ವರ್ಷ ಹಳೆಯದಾಗಿತ್ತು. ನಕ್ಷೆ ಮತ್ತು ನೆಲದ ನಡುವಿನ ಈ ಕಾಲದ ಅಂತರವೇ ಮುಂದಿನ ಇಡೀ ಕಥೆಯ ಮೂಲ ತೊಡಕಾಗಿದೆ.

1830–31ರ ನಗರದ ರೈತರ ದಂಗೆಯ ನಂತರ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಸೇರಿತು. ಅವರಲ್ಲಿ 1834ರಿಂದ 1861ರವರೆಗೆ ಅಧಿಕಾರದಲ್ಲಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆ ಸಿದ್ಧವಾಯಿತೆಂದು ಲೆಕ್ಕ ಹೇಳುತ್ತಾರೆ. ಹೇರೆತ್ತುಗಳ ಘಟ್ಟದ ದಾರಿಗಳಲ್ಲಿ ಕೆಲವು ಆಗ ಬಂಡಿ ಇಳಿಯುವ ರಸ್ತೆಗಳಾದವು. ರಸ್ತೆಯೊಂದಿಗೆ ಮೈಲಿಗಲ್ಲು ಬಂದಿತು, ಮತ್ತು ಮೈಲಿಗಲ್ಲಿನೊಂದಿಗೆ ದಾರಿಯ ತಿಳಿವಳಿಕೆ ಮೊದಲ ಬಾರಿಗೆ ಬಿಟ್ಟಿಯಾಗಿ ಎಲ್ಲರ ಕಣ್ಣಿಗೆ ಬಿದ್ದಿತು. ಶಿವಮೊಗ್ಗದಲ್ಲಿಯೂ ಭದ್ರಾವತಿಯಲ್ಲಿಯೂ ಇಂದಿಗೂ ಮುಖ್ಯ ಬೀದಿಗೆ ಬಿ.ಎಚ್. ರಸ್ತೆಯೆಂಬ ಹೆಸರಿದೆ, ಅದು ಬೆಂಗಳೂರು–ಹೊನ್ನಾವರ ರಸ್ತೆ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆಗಳಿಂದ ಹಿಡಿದು ಸಾಗರದವರೆಗೆ ಈ ರಸ್ತೆ ಹಾಯುವ ಊರೂರಲ್ಲಿ ಇದೇ ಹೆಸರು ಬಳಕೆಯಲ್ಲಿದೆ. ಭದ್ರಾವತಿಯ ರಂಗಪ್ಪ ವೃತ್ತದಲ್ಲಿಯೋ ಶಿವಮೊಗ್ಗದ ಅಮೀರ್ ಅಹಮದ್ ವೃತ್ತದಲ್ಲಿಯೋ ನಿಂತ ಅಪರಿಚಿತನಿಗೆ ರಸ್ತೆಯ ಎರಡು ತುದಿಗಳು ಎಲ್ಲಿವೆ ಎಂದು ಆ ಎರಡು ಅಕ್ಷರಗಳೇ ಹೇಳುತ್ತವೆ. ಊರಿನ ಸವಳಂಗ ರಸ್ತೆ, ಹೊನ್ನಾಳಿ ರಸ್ತೆ, ಸಾಗರ ರಸ್ತೆಗಳದೂ ಇದೇ ಪದ್ಧತಿ. ಸಾರ್ವಜನಿಕವಾದ, ಕೆಡದ, ಯಾರಿಗೂ ಹಣ ಕೊಡಬೇಕಿಲ್ಲದ ದಾರಿತೋರುಕ ವ್ಯವಸ್ಥೆ ಇದಕ್ಕಿಂತ ಉತ್ತಮವಾದದ್ದು ಈ ಸೀಮೆಯಲ್ಲಿ ಮತ್ತೆ ಹುಟ್ಟಿಲ್ಲ ಎಂದು ನಿಸ್ಸಂಕೋಚವಾಗಿ ಹೇಳಬಹುದು.

ರೈಲು ಈ ಕಥೆಯಲ್ಲಿ ಒಂದು ಅಡ್ಡದಾರಿ ಮಾತ್ರ, ಏಕೆಂದರೆ ಹಳಿಯ ಮೇಲೆ ಹೋಗುವವನಿಗೆ ದಾರಿ ಕೇಳುವ ಅಗತ್ಯವಿಲ್ಲ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ಬಂದ ಮೀಟರ್ ಗೇಜ್ ಮಾರ್ಗವು 1940ರ ಹೊತ್ತಿಗೆ ತಾಳಗುಪ್ಪವನ್ನು ಮುಟ್ಟಿತು. ಬೆಂಕಿಪುರವೆಂಬ ಹಳೆಯ ಹೆಸರಿನ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯು ಇದ್ದಿಲಿಗೆ ಬೇಕಾದ ಸೌದೆಯನ್ನು ಕಾಡಿನಿಂದ ತರಲು ಟ್ರಾಮ್ ಹಳಿಗಳನ್ನು ಹಾಕಿಸಿತ್ತು. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೂ ಒಂದು ಕಿರಿಯ ಗೇಜಿನ ರೈಲು ಓಡುತ್ತಿತ್ತು. ಆ ಟ್ರಾಮ್ ಹಳಿಗಳಾಗಲಿ ಕಿರಿಯ ಗೇಜಿನ ಮಾರ್ಗವಾಗಲಿ ಇಂದಿನ ನಕ್ಷೆಯಲ್ಲಿಲ್ಲ.

ನಕ್ಷೆಯನ್ನು ನಿಜವಾಗಿ ಸುಳ್ಳು ಮಾಡಿದ್ದು ಅಣೆಕಟ್ಟುಗಳು. ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯ ತುಂಬಿದಾಗ ಭದ್ರೆಯ ಮೇಲ್ಭಾಗದ ಕಣಿವೆಯ ದಾರಿಗಳು ನೀರಿನಡಿಗೆ ಹೋದವು. ಶರಾವತಿಯ ಕಣಿವೆಯಲ್ಲಂತೂ ಇದು ಎರಡು ಬಾರಿ ನಡೆಯಿತು: ಮೊದಲು ಮಡೆನೂರಿನ ಹತ್ತಿರದ ಹಿರೇಭಾಸ್ಕರ ಅಣೆಕಟ್ಟಿನಿಂದ, ಬಳಿಕ ಆ ಅಣೆಕಟ್ಟನ್ನೂ ನುಂಗಿದ 1964ರ ಲಿಂಗನಮಕ್ಕಿಯಿಂದ. ಬೇಸಗೆಯಲ್ಲಿ ನೀರು ಬಹಳ ಇಳಿದಾಗ ಹಿರೇಭಾಸ್ಕರದ ಕಟ್ಟಡ ಮತ್ತೆ ತಲೆಯೆತ್ತುವುದನ್ನು ನೋಡಲು ಇಂದಿಗೂ ಜನ ಹೋಗುತ್ತಾರೆ. ಸಾಗರ ತಾಲ್ಲೂಕಿನ ಕರೂರು ಸೀಮೆಯ ಜನರಿಗೆ ಆ ನೀರು ಕೊಟ್ಟದ್ದು ದ್ವೀಪದ ಬದುಕು. ತಾಲ್ಲೂಕಿನ ಪೇಟೆಗೆ ಬರಲು ಅವರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೊಳೆಬಾಗಿಲಿನ ಲಾಂಚನ್ನೇ, ಅಂದರೆ ವಾಹನಗಳನ್ನೂ ಹೇರಿಕೊಂಡು ಹಿನ್ನೀರನ್ನು ದಾಟಿಸುವ ಯಂತ್ರದೋಣಿಯನ್ನೇ ಕಾಯಬೇಕಾಯಿತು. ಸಿಗಂದೂರಿಗೆ ಹೋಗುವ ಭಕ್ತರ ಕಾರುಗಳೂ ಅದರಲ್ಲೇ ದಾಟುತ್ತಿದ್ದವು. ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರಿನ ಮಟ್ಟ ಕುಸಿದು ವಾಹನ ಹೇರುವುದನ್ನು ನಿಲ್ಲಿಸುತ್ತಿದ್ದರು. ನಾಡಿಗೆಲ್ಲ ವಿದ್ಯುತ್ತು ಕೊಟ್ಟವರು ತಮ್ಮ ದಾರಿಯನ್ನು ಕಳೆದುಕೊಂಡದ್ದು ಮತ್ತು ಅದನ್ನು ಮರಳಿ ಪಡೆಯಲು ಅಷ್ಟು ದೀರ್ಘಕಾಲ ಹಿಡಿದದ್ದು ಕರ್ನಾಟಕದ ಸಾರ್ವಜನಿಕ ಜೀವನದ ದೊಡ್ಡ ಅನ್ಯಾಯಗಳಲ್ಲೊಂದು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆ ಉದ್ಘಾಟನೆಯಾದಾಗ, ಅಲ್ಲಿಯವರೆಗಿನ ಎಲ್ಲ ನಕ್ಷೆಗಳೂ ಒಂದೇ ದಿನದಲ್ಲಿ ಹಳೆಯವಾದವು.

ಈ ಬದಲಾವಣೆಗಳನ್ನೆಲ್ಲ ತಲೆಯಲ್ಲಿ ಹೊತ್ತು ಇಪ್ಪತ್ತನೆಯ ಶತಮಾನವನ್ನು ದಾಟಿಸಿದವರು ಬಸ್ಸಿನ ಚಾಲಕರು ಮತ್ತು ನಿರ್ವಾಹಕರು. ಮಲೆನಾಡಿನಲ್ಲಿ ಖಾಸಗಿ ಬಸ್ಸುಗಳದೇ ಮೇಲುಗೈಯಾಗಿದ್ದು, ಒಂದು ಮಾರ್ಗದಲ್ಲಿ ವರ್ಷಗಟ್ಟಲೆ ಓಡಿದ ಚಾಲಕನಿಗೆ ಪ್ರತಿಯೊಂದು ತಿರುವೂ, ಎದುರಿನಿಂದ ಬರುವ ಪ್ರತಿಯೊಂದು ಬಸ್ಸಿನ ಹೊತ್ತೂ ಗೊತ್ತಿರುತ್ತಿತ್ತು. ಹದಿನಾಲ್ಕು ಹಿಮ್ಮುರಿ ತಿರುವುಗಳ ಆಗುಂಬೆ ಘಟ್ಟದಲ್ಲಿ ದೊಡ್ಡ ಬಸ್ಸು ತಿರುಗಲಾರದೆ ಇಂದಿಗೂ ಮಿನಿ ಬಸ್ಸುಗಳೇ ಓಡುತ್ತವೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆ ಎತ್ತರದಲ್ಲಿ ಮಂಜು ಕವಿದಾಗ ಅವರು ನೆಚ್ಚುವುದು ಅಭ್ಯಾಸವನ್ನು.

ಮುದ್ರಿತ ನಕ್ಷೆ ಇವರಿಗೆ ನೆರವಾಗಲಿಲ್ಲ, ಅದಕ್ಕೆ ಸರ್ಕಾರದ ನೀತಿಯೂ ಕಾರಣವಾಗಿತ್ತು. ಗಡಿ ಮತ್ತು ಕರಾವಳಿಯಿಂದ ಒಳಕ್ಕೆ ಸುಮಾರು 80 ಕಿಲೋಮೀಟರ್ ಅಗಲದ ಪಟ್ಟಿಯ ವಿವರವಾದ ಸರ್ವೆ ನಕ್ಷೆಗಳನ್ನು ರಕ್ಷಣೆಯ ಕಾರಣಕ್ಕಾಗಿ ನಿರ್ಬಂಧಿಸಲಾಗಿತ್ತು. ಆಗುಂಬೆ, ನಗರ, ಜೋಗದ ಸೀಮೆ ಆ ಪಟ್ಟಿಯೊಳಗೇ ಬರುತ್ತದೆ. 2005ರ ರಾಷ್ಟ್ರೀಯ ನಕ್ಷಾ ನೀತಿ ಸಾರ್ವಜನಿಕರಿಗಾಗಿ ಬೇರೆ ಸರಣಿಯ ನಕ್ಷೆಗಳಿಗೆ ಅವಕಾಶ ಕೊಟ್ಟಿತು, 2021ರ ಫೆಬ್ರವರಿಯ ಮಾರ್ಗಸೂಚಿಗಳು ದೇಶೀಯ ಸಂಸ್ಥೆಗಳಿಗೆ ನಕ್ಷೆ ತಯಾರಿಸುವ ಸ್ವಾತಂತ್ರ್ಯವನ್ನು ಇನ್ನೂ ವಿಸ್ತರಿಸಿದವು. ಈ ನಡುವೆ 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗಳೇ ಬದಲಾದವು: ಚಿತ್ರದುರ್ಗದಿಂದ ಶಿವಮೊಗ್ಗದ ಮೂಲಕ ಮಂಗಳೂರಿಗೆ ಹೋಗುವ ಹಳೆಯ 13ನೆಯ ಹೆದ್ದಾರಿಯ ಭಾಗವು 369 ಮತ್ತು 169 ಎಂದಾಯಿತು, ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಉಡುಪಿಗೆ ಹೋಗುವ ರಸ್ತೆ ಬಳಿಕ 169ಎ ಆಯಿತು. 2014ರ ನವೆಂಬರ್ 1ರಂದು ಶಿವಮೊಗ್ಗ ಪಟ್ಟಣದ ಹೆಸರಿನ ಇಂಗ್ಲಿಷ್ ಬರಹವೂ ಅಧಿಕೃತವಾಗಿ ಶಿವಮೊಗ್ಗ ಎಂದು ತಿದ್ದಲ್ಪಟ್ಟಿತು.

ಕಾರಿನೊಳಗೆ ನಕ್ಷೆಯನ್ನು ಕೂರಿಸುವ ಪ್ರಯತ್ನ ದೂರದ ಜಪಾನು ಮತ್ತು ಅಮೆರಿಕಗಳಲ್ಲಿ, ಉಪಗ್ರಹಗಳ ನೆರವಿಲ್ಲದೆಯೇ ತೊಡಗಿತು. 1981ರಲ್ಲಿ ಹೋಂಡಾ ಸಂಸ್ಥೆ ಹೊರತಂದ ಸಾಧನವು ಕಾರು ಎಷ್ಟು ದೂರ ಚಲಿಸಿತು ಎಂಬುದನ್ನೂ, ಜೈರೋಸ್ಕೋಪ್ ಎಂಬ ದಿಕ್ಕುಸೂಚಕ ಉಪಕರಣದಿಂದ ಯಾವ ಕಡೆ ತಿರುಗಿತು ಎಂಬುದನ್ನೂ ಅಳೆದು, ಪಾರದರ್ಶಕ ಹಾಳೆಯ ಮೇಲೆ ಅಚ್ಚಾದ ನಕ್ಷೆಯ ಹಿಂದೆ ಬೆಳಕಿನ ಚುಕ್ಕೆಯಾಗಿ ತೋರಿಸುತ್ತಿತ್ತು. ಅಮೆರಿಕದಲ್ಲಿ 1985ರಲ್ಲಿ ಬಂದ ಇಟ್ಯಾಕ್ ಸಾಧನವು ನಕ್ಷೆಯನ್ನು ಕ್ಯಾಸೆಟ್ಟುಗಳಲ್ಲಿ ಇಟ್ಟುಕೊಂಡಿತ್ತು. ಉಪಗ್ರಹ ಸಂಕೇತವನ್ನು ಬಳಸುವ ನ್ಯಾವಿಗೇಷನ್ ಕಾರ್ಖಾನೆಯಿಂದಲೇ ಅಳವಡಿಕೆಯಾಗಿ ಬಂದದ್ದು 1990ರ ಮಾಜ್ದಾ ಯೂನೋಸ್ ಕಾಸ್ಮೋ ಎಂಬ ಜಪಾನಿ ಕಾರಿನಲ್ಲಿ. ರೋಟರಿ ಇಂಜಿನ್ನಿನ ಎರಡು ಬಾಗಿಲಿನ ವೇಗದ ಕಾರು ಅದು. ಹೀಗೆ ಸ್ಪೋರ್ಟ್ಸ್ ಕಾರಿಗೂ ಉಪಗ್ರಹದ ನಕ್ಷೆಗೂ ನಂಟು ಮೊದಲ ದಿನದಿಂದಲೇ ಇದೆ. 2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕವು ಜಿಪಿಎಸ್ ಸಂಕೇತವನ್ನು ನಾಗರಿಕರಿಗಾಗಿ ಉದ್ದೇಶಪೂರ್ವಕವಾಗಿ ಮಸುಕುಗೊಳಿಸುವುದನ್ನು ನಿಲ್ಲಿಸಿದಾಗ, ನೂರು ಮೀಟರಿನವರೆಗೂ ಇರುತ್ತಿದ್ದ ದೋಷ ಹತ್ತು ಇಪ್ಪತ್ತು ಮೀಟರಿಗೆ ಇಳಿದು, ರಸ್ತೆಯ ಮೇಲಿನ ಬಳಕೆ ಸಾಧ್ಯವಾಯಿತು. ಭಾರತವೂ 2013ರಿಂದ 2016ರ ನಡುವೆ ಏಳು ಉಪಗ್ರಹಗಳನ್ನು ಹಾರಿಸಿ ನಾವಿಕ್ ಎಂಬ ಸ್ವಂತ ವ್ಯವಸ್ಥೆಯನ್ನು ಕಟ್ಟಿತು. ಅದರ ನ್ಯಾವಿಗೇಷನ್ ಕೇಂದ್ರವಿರುವುದು ಬೆಂಗಳೂರಿಗೆ ಸಮೀಪದ ಬ್ಯಾಲಾಳುವಿನಲ್ಲಿ.

ಉಪಗ್ರಹಗಳು ನಕ್ಷೆಯನ್ನು ಕಳಿಸುವುದಿಲ್ಲ, ಸಮಯವನ್ನೂ ತಮ್ಮ ನೆಲೆಯನ್ನೂ ಸಾರುತ್ತವೆ; ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ತಲುಪಲು ಹಿಡಿದ ಕಾಲವನ್ನು ಹೋಲಿಸಿ ಗ್ರಾಹಕ ಯಂತ್ರವು ತನ್ನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ದೆಲ್ಲ ವಾಲೆ ಸೂರ್ಯನಿಂದ ಪಡೆದದ್ದೂ ಇಷ್ಟೇ, ಸ್ಥಾನ. ದಾರಿಯನ್ನು ಹೇಳಬೇಕಾದರೆ ಕಾರಿನಲ್ಲಿಯೋ ಫೋನಿನಲ್ಲಿಯೋ ನಕ್ಷೆ ಇರಬೇಕು. ಫೋನು ಸಾಮಾನ್ಯವಾಗಿ ಆ ನಕ್ಷೆಯನ್ನು ಮೊಬೈಲ್ ಜಾಲದಿಂದ ಆಗಾಗ ತರಿಸಿಕೊಳ್ಳುತ್ತದೆ. ಕಾರಿನ ವ್ಯವಸ್ಥೆಯು ಬಹುಮಟ್ಟಿಗೆ ಅದನ್ನು ತನ್ನೊಳಗೇ ಸಂಗ್ರಹಿಸಿಕೊಂಡಿರುತ್ತದೆ. ಅದಕ್ಕೆ ಮತ್ತೊಂದು ಶಕ್ತಿಯೂ ಇದೆ: ಚಕ್ರಗಳ ಸುತ್ತು ಮತ್ತು ಜೈರೋಸ್ಕೋಪಿನ ಮಾಹಿತಿಯಿಂದ, ಉಪಗ್ರಹ ಕಾಣದ ಕಡೆಯೂ ಕಾರು ಎಲ್ಲಿರಬಹುದೆಂದು ಅಂದಾಜಿಸಿಕೊಳ್ಳುತ್ತ ಹೋಗುವ ಈ ವಿಧಾನಕ್ಕೆ ಡೆಡ್ ರೆಕನಿಂಗ್ ಎಂದು ಹೆಸರು. ದಟ್ಟ ಕಾಡಿನ ಎಲೆಗವಚ ಮತ್ತು ಎತ್ತರದ ಬಂಡೆಗಳು ಸಂಕೇತವನ್ನು ತಡೆಯುವ ಅಥವಾ ಪ್ರತಿಫಲಿಸಿ ಕೆಡಿಸುವ ಆಗುಂಬೆ, ಹುಲಿಕಲ್ ಘಟ್ಟಗಳಲ್ಲಿ ಇದು ನಿಜವಾದ ಅನುಕೂಲ. ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ಮೊಬೈಲ್ ಜಾಲವೇ ಸಿಗದ ಊರುಗಳ ಜನ ಟವರ್ ಇಲ್ಲದಿದ್ದರೆ ಮತವಿಲ್ಲವೆಂದು ಹೋರಾಡಿದ್ದನ್ನು ನೆನೆದರೆ, ಜಾಲವನ್ನು ನೆಚ್ಚದ ನಕ್ಷೆಯ ಬೆಲೆ ಅರ್ಥವಾಗುತ್ತದೆ. ಫೋನಿನಲ್ಲಿಯೂ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು ಎಂಬುದು ನಿಜ, ಶಿವಮೊಗ್ಗ ಬಿಡುವ ಮುನ್ನವೇ ಆ ಕೆಲಸ ಮುಗಿದಿರಬೇಕು ಅಷ್ಟೆ.

ಕಾರಿನ ನಕ್ಷೆ ಸೋಲುವುದು ಬುಕಾನನ್ನನ ಸಂಪುಟಗಳು ಸೋತ ಕಡೆಯಲ್ಲಿಯೇ. ಕೆಲವು ವರ್ಷಗಳ ಹಿಂದೆ ಕಾರು ಕೊಂಡ ದಿನ ಅದರೊಳಗಿದ್ದ ನಕ್ಷೆಯನ್ನು ಹಾಗೆಯೇ ಬಿಟ್ಟಿದ್ದರೆ, ಅದಕ್ಕೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಸೋಗಾನೆಯ ವಿಮಾನ ನಿಲ್ದಾಣವಾಗಲಿ, ಶಿವಮೊಗ್ಗದ ವಿದ್ಯಾನಗರದಲ್ಲಿ ಈಚೆಗೆ ಎದ್ದ ವೃತ್ತಾಕಾರದ ರೈಲ್ವೆ ಮೇಲ್ಸೇತುವೆಯಾಗಲಿ, ಕಳಸವಳ್ಳಿಯ ಸೇತುವೆಯಾಗಲಿ ತಿಳಿದಿರುವುದಿಲ್ಲ. ಸಿಗಂದೂರಿಗೆ ಹೊರಟವರನ್ನು ಅದು ಇನ್ನೂ ಲಾಂಚಿನ ಕಟ್ಟೆಗೆ ಅಥವಾ ಹೊಸನಗರದ ಸುತ್ತುದಾರಿಗೆ ಕಳಿಸಬಹುದು. ಸ್ಪೋರ್ಟ್ಸ್ ಕಾರಿನ ಮಟ್ಟಿಗೆ ಮತ್ತೊಂದು ತೊಂದರೆಯಿದೆ. ಎತ್ತರದ ಎಸ್‌ಯುವಿಗಳ ತಳ ನೆಲದಿಂದ ಸುಮಾರು 200 ಮಿಲಿಮೀಟರ್ ಮೇಲಿದ್ದರೆ, ಸ್ಪೋರ್ಟ್ಸ್ ಕಾರುಗಳಲ್ಲಿ ಅದು ಸಾಮಾನ್ಯವಾಗಿ 110ರಿಂದ 130ರ ಆಸುಪಾಸಿನಲ್ಲಿರುತ್ತದೆ. ಅತಿ ಹತ್ತಿರದ ದಾರಿಯನ್ನು ಆರಿಸುವ ಲೆಕ್ಕಾಚಾರವು ತೀರ್ಥಹಳ್ಳಿಯ ಕಡೆಯ ತೋಟದ ರಸ್ತೆಯನ್ನು ಸೂಚಿಸಿದರೆ, ಗುರುತಿಲ್ಲದ ಹಂಪುಗಳೂ ಮಳೆ ಕೊರೆದ ಚರಂಡಿಗಳೂ ಅಂಥ ಕಾರಿನ ಹೊಟ್ಟೆಯನ್ನು ಕೆರೆಯದೆ ಬಿಡುವುದಿಲ್ಲ, ಮತ್ತು ಈ ಅಪಾಯವನ್ನು ಕಾರಿನ ನಕ್ಷೆಯೂ ಅರಿಯದು, ಫೋನಿನದೂ ಅರಿಯದು.

ಆದ್ದರಿಂದ ಈ ಸೀಮೆಯಲ್ಲಿ ಓಡಾಡಲಿರುವ ಕೊಳ್ಳುಗನು ನ್ಯಾವಿಗೇಷನ್ನಿಗೆ ಹಣ ಕೊಡುವುದು ಎರಡು ಸಂದರ್ಭಗಳಲ್ಲಿ ಮಾತ್ರ ನ್ಯಾಯವೆನಿಸುತ್ತದೆ: ಒಂದು, ಚಕ್ರ ಮತ್ತು ಜೈರೋಸ್ಕೋಪಿನ ನೆರವಿನಿಂದ ಸಂಕೇತವಿಲ್ಲದ ಕಡೆಯೂ ನಡೆಯುವ ಸಾಮರ್ಥ್ಯ ಅದಕ್ಕಿದ್ದಾಗ, ಇನ್ನೊಂದು, ಕಾರಿನ ಬಾಳಿಕೆಯ ಬಹುಪಾಲು ವರ್ಷಗಳವರೆಗೆ ನಕ್ಷೆಯನ್ನು ಬಿಟ್ಟಿಯಾಗಿ ತಿದ್ದಿ ಕೊಡುವ ಮಾತು ಬರಹದಲ್ಲಿ ದೊರೆತಾಗ. ಕೇವಲ ದೊಡ್ಡ ಪರದೆಗಾಗಿ, ಮೇಲಿನ ದರ್ಜೆಯ ಮಾದರಿಯೊಂದಿಗೆ ಗಂಟು ಹಾಕಿದ ನಕ್ಷೆಯನ್ನು ಕೊಳ್ಳುವುದಕ್ಕಿಂತ, 2014ರಿಂದ ಬಳಕೆಗೆ ಬಂದ ಕಾರ್‌ಪ್ಲೇಯಂಥ ಸೌಲಭ್ಯದ ಮೂಲಕ ಫೋನನ್ನೇ ಕಾರಿನ ಪರದೆಗೆ ಜೋಡಿಸಿಕೊಳ್ಳುವುದು ಮೇಲು, ಏಕೆಂದರೆ ಫೋನಿನ ನಕ್ಷೆ ಬದಲಾವಣೆಗಳನ್ನು ಬೇಗ ಕಲಿಯುತ್ತದೆ.

ಕೊಳ್ಳುಗನ ಕೈಯಲ್ಲಿಲ್ಲದ ಒಂದು ಭಾಗ ಉಳಿಯುತ್ತದೆ. ಮಳೆಗಾಲದಲ್ಲಿ ಆಗುಂಬೆ ಘಟ್ಟದಲ್ಲಿ ಭಾರಿ ವಾಹನಗಳನ್ನು ನಿಷೇಧಿಸುವ, ಗುಡ್ಡ ಕುಸಿದಾಗ ರಸ್ತೆಯನ್ನು ಮುಚ್ಚಿ ಬದಲಿ ಮಾರ್ಗ ಸೂಚಿಸುವ ಜಿಲ್ಲಾಡಳಿತದ ಆದೇಶಗಳು ಮರುದಿನದ ಪತ್ರಿಕೆಗಳಲ್ಲಿ ಪ್ರಕಟವಾಗುತ್ತವೆ. ಬಸ್ಸಿನ ನಿರ್ವಾಹಕರಿಗೆ ಅವು ಪತ್ರಿಕೆಗಿಂತ ಮೊದಲೇ ತಿಳಿದಿರುತ್ತವೆ, ಕಾರಿನ ಪರದೆಗೆ ಮಾತ್ರ ತಡವಾಗಿ ತಲುಪುತ್ತವೆ ಅಥವಾ ತಲುಪುವುದೇ ಇಲ್ಲ. ಯಾವ ಘಟ್ಟ, ಯಾವ ಬಗೆಯ ವಾಹನ, ಯಾವ ದಿನದಿಂದ ಯಾವ ದಿನದವರೆಗೆ ಎಂಬ ನಾಲ್ಕು ವಿವರಗಳನ್ನು ಲೋಕೋಪಯೋಗಿ ಇಲಾಖೆ ಮತ್ತು ಜಿಲ್ಲಾಡಳಿತಗಳು ಆದೇಶ ಹೊರಡಿಸಿದ ಕ್ಷಣದಲ್ಲಿಯೇ ಎಲ್ಲ ನಕ್ಷೆ ತಯಾರಕರೂ ನೇರವಾಗಿ ಬಳಸಬಲ್ಲ ರೂಪದಲ್ಲಿ ಬಿಡುಗಡೆ ಮಾಡುವುದು ಕಷ್ಟದ ಕೆಲಸವಲ್ಲ. ರಸ್ತೆಯ ಬದಿಯಲ್ಲಿ ಮೈಲಿಗಲ್ಲು ನೆಡಿಸಿದ ಆಡಳಿತಕ್ಕೆ ಇದು ಹೊಸ ಹೊಣೆಯೂ ಅಲ್ಲ.